ರಾಗಿ, ಅವಲಕ್ಕಿ ಮತ್ತು ಬಿಸಿನೀರಿನ ಹಾರ್ಲಿಕ್ಸ್ ಬಾಟಲಿ

ಮೂಡಿಗೆರೆ ಹತ್ತಿರದ ಆ ತೋಟದ ಮನೆಗೆ ನಾನು ಹೋಗಿದ್ದು ಕಾಫಿ ಕೊಯ್ಲು ನೋಡಲಿಕ್ಕೆ. ಕೊಯ್ಲಿನ ಬಗ್ಗೆ ಈ ಲೇಖನದಲ್ಲಿ ಒಂದಕ್ಷರವೂ ಇರುವುದಿಲ್ಲ. ಕಾರಣ, ಅವರ ಅಡುಗೆಮನೆಯ ಮೂಲೆಯಲ್ಲಿ ತಲೆಕೆಳಗಾಗಿ ಇಟ್ಟಿದ್ದ ಒಂದು ಹಳೆಯ ಊಟದ ಮೇಜು.

ಮೇಲ್ಮುಖವಾಗಿದ್ದ ಮೇಜಿನ ನಾಲ್ಕು ಕಾಲಿಗೆ ಕೋಳಿಗೂಡಿನ ಜಾಲರಿ ಸುತ್ತಿತ್ತು. ಅಡಿಗೆ ಎರಡು ಮಣೆ, ಮೂರು ಬದಿಗೆ ಕರಿಕಂಬಳಿ. ಒಳಗೆ ಹುಲ್ಲಿನ ಗುಡ್ಡೆ. ನಾನು ಬಗ್ಗಿದ ಕೂಡಲೇ ಗುಡ್ಡೆ ಅಲುಗಾಡಿ, ಗುಲಾಬಿ ಬಣ್ಣದ ಎರಡು ಮೂಗು ಹೊರಬಂದವು. ಒಂದರ ಹೆಸರು ರಾಗಿ, ಇನ್ನೊಂದು ಅವಲಕ್ಕಿ. ಬೆಂಗಳೂರಿನ ಮೊಮ್ಮಗಳು ಕ್ರಿಸ್‌ಮಸ್ ರಜೆಗೆ ಬರುವಾಗ ತನ್ನ ಗಿನಿಪಿಗ್‌ಗಳನ್ನೂ ಕಾರಿನಲ್ಲಿ ಹೊತ್ತುಕೊಂಡು ಬಂದಿದ್ದಳು. ಮನೆಯೊಡತಿ ನನ್ನ ಗೆಳೆಯನ ದೊಡ್ಡಮ್ಮ. ಮೊದಲ ದಿನ ಅವರು "ಇಲಿ ಮನೆಯೊಳಗೆ ಬೇಡ" ಅಂದರಂತೆ. ಎರಡನೆಯ ರಾತ್ರಿ ಚಳಿ ಬಿದ್ದಾಗ, ಜಗಲಿಯಲ್ಲಿದ್ದ ಅವನ್ನು ತಾವೇ ಎತ್ತಿ ಒಳಗೆ ತಂದರಂತೆ.

"ಜಗಲಿಯ ಗಾರೆ ನೆಲ ಮಂಜುಗಡ್ಡೆ ಮಾರಾಯ. ಅದಕ್ಕೆ ಎಂಥ ಚಪ್ಪಲಿ ಉಂಟಾ?"

ಈ ಪ್ರಶ್ನೆಯಲ್ಲಿ ಅರ್ಧ ಶಾಸ್ತ್ರ ಇದೆ. ಗಿನಿಪಿಗ್‌ನ ಮೈಗೆ ಕೂದಲಿದೆ, ಕಿವಿಗೆ ಹೆಚ್ಚಿಲ್ಲ, ಅಂಗಾಲಿಗೆ ಏನೇನೂ ಇಲ್ಲ. ಮೈ ಬಿಸಿ 38–39 ಡಿಗ್ರಿ. ಸುತ್ತಲಿನ ಗಾಳಿ 18ರಿಂದ 24 ಡಿಗ್ರಿ ಇದ್ದರೆ ಅದು ಸುಖವಾಗಿರುತ್ತದೆ. ಮಲೆನಾಡಿನ ಡಿಸೆಂಬರ್ ರಾತ್ರಿ ಅದಕ್ಕಿಂತ ಬಹಳ ಕೆಳಗೆ. ಬೆಂಗಳೂರಿನವರೂ ಬೀಗಬೇಕಾಗಿಲ್ಲ, 1884ರ ಜನವರಿ 13ರಂದು ಅಲ್ಲಿ 7.8 ಡಿಗ್ರಿ ದಾಖಲಾಗಿದೆ. ಈಗಿನ ಫ್ಲ್ಯಾಟುಗಳ ನುಣುಪು ಟೈಲ್ಸ್ ನೆಲವಂತೂ ನಮ್ಮ ಕಾಲನ್ನೇ ಕೊರೆಯುತ್ತದೆ.

"ಇವು ಆಂಡೀಸ್ ಪರ್ವತದ ಪ್ರಾಣಿ, ಚಳಿ ಇವಕ್ಕೆ ಲೆಕ್ಕಕ್ಕಿಲ್ಲ" ಎಂದು ಸಾಕುಪ್ರಾಣಿ ಅಂಗಡಿಯವರೊಬ್ಬರು ಹಿಂದೆ ನನಗೆ ಹೇಳಿದ್ದರು. ಅರ್ಧ ನಿಜ. ಆಂಡೀಸ್‌ನ ಜನ ಇವನ್ನು ಸಾಕತೊಡಗಿ ಐದು ಸಾವಿರ ವರ್ಷವಾದರೂ ಆಗಿದೆ. ಆದರೆ ಸಾಕಿದ್ದು ಬೆಟ್ಟದ ಮೇಲೆ ಬಯಲಲ್ಲಲ್ಲ, ಅಡುಗೆಮನೆಯಲ್ಲಿ. ಪೆರು, ಬೊಲಿವಿಯಾದ ಹಳ್ಳಿಮನೆಗಳಲ್ಲಿ ಇಂದಿಗೂ ಅವು ಒಲೆಯ ಆಸುಪಾಸಿನಲ್ಲಿ, ತರಕಾರಿ ಸಿಪ್ಪೆ ತಿನ್ನುತ್ತಾ ಓಡಾಡಿಕೊಂಡಿರುತ್ತವೆ. ಅಲ್ಲಿ ಅದರ ಹೆಸರು 'ಕುಯ್'. ಅದು ಕೂಗುವುದನ್ನು ಕೇಳಿದವರಿಗೆ ಈ ಹೆಸರು ಎಲ್ಲಿಂದ ಬಂತೆಂದು ಹೇಳಬೇಕಿಲ್ಲ. ದೊಡ್ಡಮ್ಮನಿಗೆ ಇದನ್ನು ಹೇಳಿದಾಗ ಅವರ ಮುಖ ಅರಳಿತು. ತಾನು ಮಾಡಿದ್ದನ್ನೇ ಭೂಮಿಯ ಇನ್ನೊಂದು ಮಗ್ಗುಲಿನ ಹೆಂಗಸರೂ ಮಾಡುತ್ತಾರಲ್ಲ! ಅವರು ಅದನ್ನು ಸಾಕುವುದು ತಿನ್ನಲಿಕ್ಕೆ ಎಂಬುದನ್ನು ನಾನು ಹೇಳಲಿಲ್ಲ. ಕುಸ್ಕೋ ನಗರದ ಕೆಥೆಡ್ರಲ್‌ನಲ್ಲಿ ಮಾರ್ಕೋಸ್ ಜಪಾಟಾ ಬರೆದ ಯೇಸುವಿನ ಕಡೆಯ ಭೋಜನದ ಚಿತ್ರವಿದೆ. ತಟ್ಟೆಯಲ್ಲಿ ಕಾಲು ಮೇಲೆ ಮಾಡಿ ಮಲಗಿರುವುದು ಇದೇ ರಾಗಿಯ ಪೂರ್ವಜ. ಅದನ್ನಂತೂ ಮೊಮ್ಮಗಳ ಎದುರು ಎತ್ತುವ ಹಾಗೇ ಇರಲಿಲ್ಲ.

ಅಂಗಡಿಯವರ ಮಾತು ನಂಬಿ ನಾನು ಮಾಡಿಕೊಂಡ ಎಡವಟ್ಟನ್ನೂ ಹೇಳಿಬಿಡುತ್ತೇನೆ. ಮೊದಲ ಚಳಿಗಾಲ ನನ್ನ ಗಿನಿಪಿಗ್ ಮೈ ಮುದುಡಿ, ಕೂದಲು ಉಬ್ಬಿಸಿಕೊಂಡು ಕೂತಾಗ ಗಾಬರಿಯಾಗಿ ಗೂಡಿನೊಳಗೆ 60 ವಾಟ್‌ನ ಬಲ್ಬ್ ಇಳಿಬಿಟ್ಟೆ. ಬೆಳಗ್ಗೆ ನೋಡಿದರೆ ಪ್ರಾಣಿ ಬಲ್ಬಿನಿಂದ ಎಷ್ಟು ದೂರ ಸಾಧ್ಯವೋ ಅಷ್ಟು ದೂರದ ಮೂಲೆಯಲ್ಲಿತ್ತು, ವೈರಿನ ಮೇಲೆ ಸಾಲಾಗಿ ಹಲ್ಲಿನ ಗುರುತು. ಇನ್ನೊಂದು ಕಡಿತ ಬಿದ್ದಿದ್ದರೆ ಈ ಲೇಖನದ ಧಾಟಿಯೇ ಬೇರೆ ಇರುತ್ತಿತ್ತು. ಅಂದಿನಿಂದ ಹೀಟರು, ಬಲ್ಬು, ಕರೆಂಟಿನ ಚಾಪೆ ಯಾವುದನ್ನು ಕಂಡರೂ ನನಗೆ ಆಗದು. ಗಿನಿಪಿಗ್‌ಗೆ ಚಳಿಯಷ್ಟೇ ಸೆಕೆಯೂ ಶತ್ರು. 27–28 ಡಿಗ್ರಿ ದಾಟಿದರೆ ಏದುಸಿರು ಬಿಡತೊಡಗುತ್ತದೆ.

ಅದರೊಳಗೇ ಒಂದು ಒಲೆ ಇದೆ ಎಂಬುದು ನನಗೆ ಆಗ ಗೊತ್ತಿರಲಿಲ್ಲ. ಆ ಒಲೆಯ ಕಾವನ್ನು ಮೊದಲು ಅಳೆದವರ ಕಥೆ ನನಗೆ ಎಷ್ಟು ಇಷ್ಟವೆಂದರೆ, ಚಳಿಗಾಲ ಬಂದಾಗಲೆಲ್ಲ ಸಿಕ್ಕವರಿಗೆ ಹೇಳಿ ಬೈಸಿಕೊಳ್ಳುತ್ತೇನೆ. 1782–83ರ ಚಳಿಗಾಲ, ಪ್ಯಾರಿಸ್. ರಸಾಯನಶಾಸ್ತ್ರಜ್ಞ ಲವಾಸಿಯೇ, ಗಣಿತಜ್ಞ ಲಾಪ್ಲಾಸ್ ಸೇರಿ ಒಂದು ಪಾತ್ರೆ ಮಾಡಿಸಿದರು. ಅದರೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು. ನಡುವಿನ ಸಂದುಗಳಲ್ಲಿ ಪುಡಿಮಾಡಿದ ಮಂಜುಗಡ್ಡೆ. ಒಳಗಿನ ಪಾತ್ರೆಯಲ್ಲಿ ಬಿಸಿ ಇರುವುದೇನನ್ನೇ ಇಟ್ಟರೂ ಅದರ ಕಾವಿಗೆ ಸುತ್ತಲಿನ ಮಂಜು ಕರಗಿ, ತಳದ ನಲ್ಲಿಯಿಂದ ನೀರು ತೊಟ್ಟಿಕ್ಕುತ್ತದೆ. ನೀರನ್ನು ತೂಗಿದರೆ ಕಾವಿನ ಲೆಕ್ಕ ಸಿಕ್ಕಿತು. ಹೊರಗಿನ ಪದರದ ಮಂಜು ಕೋಣೆಯ ಕಾವನ್ನು ತಡೆಯಲಿಕ್ಕೆ ಮಾತ್ರ. ಸೆಕೆಗಾಲದಲ್ಲಿ ಈ ಆಟ ನಡೆಯುವುದಿಲ್ಲ, ಹಾಗಾಗಿ ಚಳಿಗಾಲವೇ ಬೇಕಾಯಿತು.

ಒಳಗೆ ಇಟ್ಟಿದ್ದು ಜೀವಂತ ಗಿನಿಪಿಗ್. ಹತ್ತಿ ಹಾಸಿದ ಬುಟ್ಟಿಯಲ್ಲಿ ಕೂರಿಸಿದ್ದರು ಎಂಬುದೇ ಸಮಾಧಾನ. ಹತ್ತು ಗಂಟೆಯಲ್ಲಿ ಆ ಪುಟ್ಟ ಜೀವ ಕರಗಿಸಿದ್ದು 13 ಔನ್ಸ್ ಮಂಜು. ಅಂದಿನ ಪ್ಯಾರಿಸ್ ಔನ್ಸನ್ನು ಇಂದಿನ ಗ್ರಾಮಿಗೆ ತಿರುಗಿಸಿದರೆ ಸುಮಾರು 400. ಹಾಳೆಯ ಹಿಂಬದಿಯಲ್ಲಿ ನಾನೇ ಗುಣಿಸಿ ಭಾಗಿಸಿ ನೋಡಿದೆ: ಹತ್ತಿರಹತ್ತಿರ 3.7 ವಾಟ್. ಹಳೆಯ ಮೊಬೈಲ್ ಚಾರ್ಜರ್ ಕೊಡುವುದು 5 ವಾಟ್. ಗಿನಿಪಿಗ್ ಬಿಟ್ಟ ಉಸಿರಿನ ಇಂಗಾಲದ ಗಾಳಿಯನ್ನೂ ಅವರು ಅಳೆದಿದ್ದರು. ಅಷ್ಟೇ ಗಾಳಿ ಬರುವಷ್ಟು ಇದ್ದಿಲು ಉರಿದರೆ ಕರಗುವ ಮಂಜಿಗೂ, ಇದು ಕರಗಿಸಿದ್ದಕ್ಕೂ ಹೆಚ್ಚುಕಡಿಮೆ ತಾಳೆಯಾಯಿತು. ಪೂರ್ತಿ ಅಲ್ಲ, ಪ್ರಾಣಿ ತುಸು ಹೆಚ್ಚೇ ಕರಗಿಸಿತ್ತು. ಅದರ ಕೈಕಾಲು ತಣ್ಣಗಾಗಿ ಆ ಕಾವೂ ಲೆಕ್ಕಕ್ಕೆ ಸೇರಿದೆ ಎಂದು ಅವರೇ ಬರೆದರು. ಅಂಗಾಲಿನ ಮಾತು ಅಲ್ಲೂ ಬಂತು ನೋಡಿ. ಉಸಿರಾಟವೆಂದರೆ ನಿಧಾನದ ಉರಿ ಎಂಬ ತೀರ್ಮಾನ 1783ರಲ್ಲಿ ಹೊರಬಿದ್ದದ್ದು ಹೀಗೆ. ಫ್ರೆಂಚರು ಗಿನಿಪಿಗ್ಗನ್ನು 'ಇಂಡಿಯಾದ ಹಂದಿ' ಎನ್ನುತ್ತಾರೆ. ಅದು ಇಂಡಿಯಾದ್ದೂ ಅಲ್ಲ, ಹಂದಿಯೂ ಅಲ್ಲ. ಆದರೂ ಆ ಹೆಸರಿನಿಂದ ನನಗೆ ಒಂದು ನಂಟಸ್ತಿಕೆ ಹುಟ್ಟಿದೆ.

ಮೂಡಿಗೆರೆಗೆ ವಾಪಸ್ ಬರೋಣ. ಹೊರಗಿನಿಂದ ಕಾವು ಕೊಡುವ ಬದಲು ಈ 3.7 ವಾಟ್ ಸೋರಿಹೋಗದಂತೆ ನೋಡಿಕೊಂಡರೆ ಮುಕ್ಕಾಲು ಕೆಲಸ ಮುಗಿಯಿತು. ದೊಡ್ಡಮ್ಮ ಲವಾಸಿಯೇ ಓದಿಲ್ಲ, ಭತ್ತದ ಹುಲ್ಲು ಗೊತ್ತು. ಟೊಳ್ಳು ಕಡ್ಡಿಯೊಳಗೂ ಕಡ್ಡಿಗಳ ನಡುವೆಯೂ ಗಾಳಿ ನಿಲ್ಲುತ್ತದೆ, ಅದೇ ರಜಾಯಿ. ನಾನು ತಕರಾರು ತೆಗೆದೆ: ಬರೀ ಭತ್ತದ ಹುಲ್ಲು ಗಡಸು, ಕಣ್ಣಿಗೆ ಚುಚ್ಚೀತು, ತಿಂದರೂ ಸತ್ವವಿಲ್ಲ. ಅವರು ಮಾತಾಡದೆ ಗುಡ್ಡೆ ಸರಿಸಿ ತೋರಿಸಿದರು. ಗಡಸು ಹುಲ್ಲು ಅಡಿಗೆ, ಮೇಲೆ ತೋಟದ ಒಣಗಿದ ಮೆದು ಹುಲ್ಲು. ತಿನ್ನುವುದು ಅದನ್ನೇ. ದಿನವಿಡೀ ಹುಲ್ಲು ಮೇಯುತ್ತಿದ್ದರೆ ಹೊಟ್ಟೆಯೊಳಗೆ ಅದು ಹುದುಗುವಾಗಲೂ ಕಾವು ಹುಟ್ಟುತ್ತದೆ; ಚಳಿಯಲ್ಲಿ ಹುಲ್ಲು ಕಡಿಮೆಯಾಗಬಾರದು. ಜೊತೆಗೆ ದಪ್ಪಮೆಣಸಿನಕಾಯಿಯ ಹೋಳು, ಏಕೆಂದರೆ ನಮ್ಮ ಹಾಗೆ ಇವೂ ಮೈಯಲ್ಲಿ ವಿಟಮಿನ್ ಸಿ ಮಾಡಿಕೊಳ್ಳಲಾರವು.

ಕಂಬಳಿಯನ್ನು ನಾಲ್ಕನೆಯ ಬದಿಗೂ ಯಾಕೆ ಇಳಿಬಿಟ್ಟಿಲ್ಲ ಎಂದೆ. "ಉಚ್ಚೆ ವಾಸನೆ ಒಳಗೇ ನಿಂತರೆ ನೀನು ಮಲಗ್ತೀಯಾ?" ಸರಿ. ಇವುಗಳ ಶ್ವಾಸಕೋಶ ಬಲು ನಾಜೂಕು, ಒದ್ದೆ ಹುಲ್ಲಿನ ಘಾಟು ಚಳಿಗಿಂತ ಬೇಗ ಕೆಡಿಸುತ್ತದೆ. ಸೌದೆ ಒಲೆಯ ಹೊಗೆಯ ಬಗ್ಗೆ ಮಾತ್ರ ನನ್ನ ಅನುಮಾನ ಹೋಗಲಿಲ್ಲ. ಹೊಗೆಗೂಡು ಚೆನ್ನಾಗಿ ಎಳೆಯುತ್ತದೆ, ಮೇಜು ಒಲೆಯಿಂದ ಏಳೆಂಟು ಅಡಿ ದೂರ ಇದೆ ಎಂದು ಅವರು ವಾದಿಸಿದರು. ನನ್ನ ಮನೆಯಾಗಿದ್ದರೆ ನಡುಮನೆಯಲ್ಲಿ ಇಡುತ್ತಿದ್ದೆ. ಸೀನು, ಕಣ್ಣಲ್ಲಿ ಪಿಸುರು ಕಂಡರೆ, ಅರ್ಧ ದಿನ ಹುಲ್ಲು ಮುಟ್ಟದಿದ್ದರೆ ಕಷಾಯ ಗಿಷಾಯ ಎನ್ನದೆ ಪಶುವೈದ್ಯರಲ್ಲಿಗೆ ಓಡಬೇಕು ಎಂದು ಮೊಮ್ಮಗಳಿಂದ ಎರಡು ಸಲ ಹೇಳಿಸಿಕೊಂಡೆ.

ರಾತ್ರಿ ಹತ್ತಕ್ಕೆ ದೊಡ್ಡಮ್ಮ ಗಾಜಿನ ಹಾರ್ಲಿಕ್ಸ್ ಬಾಟಲಿಗೆ ಬಿಸಿನೀರು ತುಂಬಿ, ಮುಚ್ಚಳ ಬಿಗಿದು, ತಲೆಕೆಳಗೆ ಹಿಡಿದು ಸೋರುವುದೇ ನೋಡಿ, ಹಳೆಯ ಪಂಚೆಯಲ್ಲಿ ನಾಲ್ಕು ಸುತ್ತು ಸುತ್ತಿ ಹುಲ್ಲಿನ ಅಂಚಿಗೆ ಇಟ್ಟರು. ನಡುವಿಗಲ್ಲ, ಅಂಚಿಗೆ, ಬೇಡವೆಂದರೆ ಅವು ದೂರ ಹೋಗಲು ಜಾಗ ಬೇಕಲ್ಲ. ಪ್ಲಾಸ್ಟಿಕ್ ಬಾಟಲಿಯನ್ನು ಮೊದಲ ರಾತ್ರಿಯೇ ಅವಲಕ್ಕಿ ಕಡಿದು ನೋಡಿದೆಯಂತೆ.

ಬೆಳಗ್ಗೆ ಐದೂವರೆಗೆ ನನ್ನ ಥರ್ಮಾಮೀಟರ್ ಹಿಡಿದು ಎದ್ದೆ. ಜಗಲಿಯಲ್ಲಿ 12 ಡಿಗ್ರಿ. ಅಡುಗೆಮನೆಯಲ್ಲಿ 17. ಬಾಟಲಿ ಪೂರ್ತಿ ತಣ್ಣಗಾಗಿತ್ತು, ಎರಡೂ ಅದನ್ನು ಬಿಟ್ಟು ಹುಲ್ಲಿನ ಆಳದಲ್ಲಿ ಒಂದಕ್ಕೊಂದು ಅಂಟಿಕೊಂಡು ಮಲಗಿದ್ದವು. ಮೆಲ್ಲಗೆ ಅವುಗಳ ನಡುವೆ ಥರ್ಮಾಮೀಟರ್ ತೂರಿಸಿದೆ. 26. ರಾಗಿ ಕಣ್ಣು ಬಿಟ್ಟು 'ಕುಯ್' ಎಂದಿತು, ಬೈಗುಳವೇ ಇರಬೇಕು.

"ಅದನ್ನ ಮಲಗಲಿಕ್ಕೆ ಬಿಡು," ಹಿಂದಿನಿಂದ ದೊಡ್ಡಮ್ಮನ ದನಿ. "ಬಾಟ್ಲಿ ಇತ್ತ ಕೊಡು, ತೊಳೆದು ಕಾಫಿಪುಡಿ ತುಂಬಬೇಕು."