ಕವಿಯ ಲೇಖನಿಯಿಂದ ಮೂಡಿದ ವಿಚಿತ್ರ ಜೀವಿಗಳು

೧೯೨೪ರ ಅಕ್ಟೋಬರಿನಲ್ಲಿ ಪ್ಯಾರಿಸಿನ ಕವಿ ಆಂದ್ರೆ ಬ್ರೆತೋಂ ಅತಿವಾಸ್ತವವಾದದ ಪ್ರಣಾಳಿಕೆಯನ್ನು ಹೊರಡಿಸಿದರು. ಬುದ್ಧಿಯ ಕಡಿವಾಣವನ್ನು ಕಳಚಿ ಸುಪ್ತಚಿತ್ತವನ್ನೇ ನುಡಿಯಿಸಬೇಕೆಂಬುದು ಅದರ ಸಾರ. ಆ ಬಳಗದ ಚಿತ್ರಕಾರ ಆಂದ್ರೆ ಮಾಸೋಂ ಮುಂದಾಲೋಚನೆಯಿಲ್ಲದೆ ರೇಖೆಯನ್ನು ಹರಿಯಬಿಟ್ಟರು.

ಅದೇ ವರ್ಷದ ಕೊನೆಯಲ್ಲಿ, ದೂರದ ಅರ್ಜೆಂಟೀನದಲ್ಲಿ ಅಸ್ವಸ್ಥರಾಗಿ ವಿಶ್ರಮಿಸುತ್ತಿದ್ದ ರವೀಂದ್ರನಾಥ ಠಾಕೂರರು ‘ಪೂರಬಿ’ಯ ಕವಿತೆಗಳನ್ನು ಬರೆಯುತ್ತಿದ್ದರು. ಹೊಡೆದುಹಾಕಿದ ಸಾಲುಗಳನ್ನು ಗೆರೆಗಳಿಂದ ಬೆಸೆದಂತೆಲ್ಲ ಹಕ್ಕಿಗಳೂ ಹೆಸರಿಲ್ಲದ ಮೃಗಗಳೂ ಮೂಡಿದವು. ಆತಿಥೇಯೆ ವಿಕ್ಟೋರಿಯಾ ಒಕಾಂಪೋ ಆ ಹಸ್ತಪ್ರತಿಯನ್ನು ಕಂಡು ಬೆರಗಾದರು. ೧೯೩೦ರಲ್ಲಿ ಅವರ ನೆರವಿನಿಂದಲೇ ಪ್ಯಾರಿಸಿನಲ್ಲಿ ಕವಿಯ ಚಿತ್ರಪ್ರದರ್ಶನ ನಡೆಯಿತು.

ಈ ಚಿತ್ರಗಳಲ್ಲಿ ಅತಿವಾಸ್ತವವಾದದ ಪ್ರಭಾವವನ್ನು ಗುರುತಿಸುವುದು ಸುಲಭ. ಆದರೆ ಪ್ಯಾರಿಸಿನವರು ಸುಪ್ತಚಿತ್ತವನ್ನು ಅರಸುತ್ತ ಹೊರಟರು. ಠಾಕೂರರಿಗೆ ಅದು ಕವಿತೆಯನ್ನು ತಿದ್ದುವಾಗ ತಾನಾಗಿಯೇ ಎದುರಾಯಿತು. ಹೋಲಿಕೆಯೆಲ್ಲವೂ ಋಣವಲ್ಲ.