ವಾಲುವ ಅಕ್ಷರ

ಕಾಳಗಿಯಿಂದ ಸೇಡಂ ಕಡೆಗಿನ ಗೋಡೆಗಳ ಮೇಲೆ ಎರಡು ಬಗೆಯ ಅಕ್ಷರ ಬಾಳುತ್ತವೆ. ಒಂದು ನೆಟ್ಟಗೆ ನಿಲ್ಲುವಂಥದು: ಶಾಲೆ, ಪಂಚಾಯಿತಿ, ಗುಡಿ. ಇನ್ನೊಂದು ಮೈತುಂಬಿಕೊಂಡು ಬಲಕ್ಕೆ ವಾಲಿದ್ದು, ತುದಿಯಲ್ಲಿ ಕೊಕ್ಕೆ ಕುಚ್ಚು ಏನೂ ಇಲ್ಲದ್ದು: ಸಿಮೆಂಟು, ಬೀಜ, ಗೊಬ್ಬರ, ಮೊಬೈಲು. ನನ್ನ ಕಣ್ಣು ಬಹುಕಾಲ ನೆಟ್ಟಿರುವುದು ಈ ಎರಡನೆಯದರ ಮೇಲೆ.

ವಾಡಿ, ಮಳಖೇಡ, ಸೇಡಂ, ಮೂರೂ ಕಡೆ ಸಿಮೆಂಟು ಕಾರ್ಖಾನೆಗಳಿವೆ. ಸುಣ್ಣಕಲ್ಲಿನ ಈ ಸೀಮೆಯಲ್ಲಿ ವಾಲುವ ಅಕ್ಷರದ ಸಂತತಿ ದಟ್ಟ. ಗೋಡೆಯ ಮೇಲಿನ ಕುಂಕುಮಗೆಂಪು ಬಿಸಿಲುಂಡು ಮೊದಲು ಇಟ್ಟಿಗೆಯ ಬಣ್ಣಕ್ಕೆ ಇಳಿಯುತ್ತದೆ, ಆಮೇಲೆ ಮಾಸಲು ಗುಲಾಬಿಗೆ. ಅಂಗಡಿ ಮುಂದೆ ಉಬ್ಬಾಗಿ ಕೂರಿಸಿದ ಪ್ಲಾಸ್ಟಿಕ್ ಅಕ್ಷರಗಳಲ್ಲಿ ಓರೆಗಂಬದ ಎಡಮಗ್ಗುಲು ಆಕಾಶ ನೋಡುತ್ತದೆ. ಬೂದುಧೂಳು ಕೂರುವುದು ಅಲ್ಲಿಯೇ. ಬಲಮಗ್ಗುಲಿನ ಅಡಿಯಲ್ಲಿ ನೆರಳು, ಜೇಡನ ನೂಲು, ಸಂಜೆಯಾದರೆ ಬಾಲದ ತುದಿಯನ್ನಷ್ಟೇ ಆಡಿಸುತ್ತ ಕಾಯುವ ಹಲ್ಲಿ.

ಲಾರಿಗಳ ಮೇಲೆ ಈ ಅಕ್ಷರದ ನಡತೆಯೇ ಬೇರೆ. ರಸ್ತೆಯ ಎಡಬದಿಗೆ ನಿಂತರೆ ಆಚೆ ಸಾಲಿನ ಲಾರಿ ತನ್ನ ಬಲಮೈ ತೋರಿಸುತ್ತದೆ, ಅಕ್ಷರಗಳು ಓಟದ ದಿಕ್ಕಿಗೇ ಬಾಗಿರುತ್ತವೆ. ಈಚೆ ಸಾಲಿನ ಲಾರಿ ತೋರಿಸುವುದು ಎಡಮೈ. ಅಲ್ಲಿ ಅವೇ ಅಕ್ಷರಗಳು ಹಿಂದಕ್ಕೆ ಜಗ್ಗಿ, ಹಗ್ಗ ಎಳೆದ ಕರುವಿನಂತೆ ಕಾಲೂರಿ ಬರುತ್ತವೆ. ವೇಗ ಸಾರಲೆಂದು ಹುಟ್ಟಿದ ರೂಪ ಅರ್ಧ ಹೊತ್ತು ವೇಗಕ್ಕೆ ಬೆನ್ನು ಮಾಡಿಯೇ ಓಡುತ್ತದೆ!

ಇಂಗ್ಲಿಷಿನ ದೊಡ್ಡಕ್ಷರಗಳಿಗೆ ಈ ಓರೆ ಸಲೀಸು. ಅವು ಬಹುಪಾಲು ಗೆರೆಯ ಮೇಲೆಯೇ ನಿಲ್ಲುವ ಕಂಬಗಳು. ಕನ್ನಡ ದುಂಡಗಿನದು. ಕಂಪ್ಯೂಟರು ಅಡಿಗೆರೆಯನ್ನು ಹಿಡಿದು ಅಕ್ಷರವನ್ನು ತಳ್ಳಿದಾಗ ಗೆರೆಯ ಮೇಲಿನದು ಬಲಕ್ಕೆ ಸರಿಯುತ್ತದೆ, ಕೆಳಗಿನದು ಎಡಕ್ಕೆ. ‘ರ’ದ ಉಂಗುರ ಮೇಲ್ಬಲದಲ್ಲಿ, ಕೆಳಎಡದಲ್ಲಿ ಊದಿಕೊಂಡು ಉಳಿದೆರಡು ಮೂಲೆಗಳಲ್ಲಿ ಸೊರಗುತ್ತದೆ. ತಲೆಕಟ್ಟಿನ ತುದಿ ಪಕ್ಕದ ಅಕ್ಷರದ ಹೆಗಲಿಗೆ ತಾಗುತ್ತದೆ. ‘ಬಣ್ಣ’ದ ಒತ್ತು ತನ್ನ ಜಾಗ ಬಿಟ್ಟು ಎಡಕ್ಕೆ ಜಾರಿ, ತಾಯಕ್ಷರದ ಹೊಟ್ಟೆಯ ಕೆಳಗೆ ನುಸುಳುತ್ತದೆ. ದಪ್ಪ ಹೆಚ್ಚಿದಷ್ಟೂ ಒಳಗಿನ ಬಯಲು ಕಿರಿದಾಗುತ್ತ ಹೋಗಿ, ದೂರದಿಂದ ‘ಣ್ಣ’ ಬರಿಯ ಕಪ್ಪು ಗಂಟು.

ಪೇಂಟರ ಕೈ ಹೀಗೆ ಮಾಡುವುದಿಲ್ಲ. ಅದು ದೇಹವನ್ನು ವಾಲಿಸಿ ಒತ್ತನ್ನು ಬಲಕ್ಕೆ ಹೊರಗೆಳೆಯುತ್ತದೆ, ಚಿಕ್ಕದಾಗಿ, ಒಂದೆಳೆ ತೆಳ್ಳಗೆ. ಸೊರಗಿದ ಮೂಲೆಗೆ ಬ್ರಷ್ಷು ಇನ್ನೊಮ್ಮೆ ಮರಳುತ್ತದೆ. ತಲೆಕಟ್ಟನ್ನು ಮೊಟಕು ಮಾಡಿ ನೆರೆಯಕ್ಷರಕ್ಕೆ ಉಸಿರಾಡಲು ಬಿಡುತ್ತದೆ.

ಕೊಕ್ಕೆ ಕುಚ್ಚಿಲ್ಲದ ಅಕ್ಷರ ಈ ನೆಲಕ್ಕೆ ಹೊಸತಲ್ಲ. ಯುರೋಪಿನ ಅಚ್ಚಿನಲ್ಲಿ ಅದು ಕಾಣಿಸಿಕೊಂಡದ್ದು 1816ರಲ್ಲಿ, ಲಂಡನ್ನಿನ ಅಚ್ಚುಮೊಳೆ ತಯಾರಕ ವಿಲಿಯಂ ಕ್ಯಾಸ್ಲನ್‌ನ ಮಾದರಿ ಪುಸ್ತಕದಲ್ಲಿ. ಇಲ್ಲಿ ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ, 1986ರಲ್ಲಿ ಕಾಳಿಯ ಗುಡಿಯ ಛಾವಣಿ ಕುಸಿದಾಗ, ವಿಗ್ರಹದ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಬ್ರಾಹ್ಮಿ ಅಕ್ಷರಗಳು ಸಿಕ್ಕವು. ಉದ್ದಕ್ಕೂ ಒಂದೇ ದಪ್ಪದ ಗೆರೆಗಳು. ಆದರೆ ಅವು ಯಾವ ಕಡೆಗೂ ವಾಲಿಲ್ಲ.

ಯಂತ್ರ ತಳ್ಳಿದ ಓರೆ ಕನ್ನಡಕ್ಕೆ ಒಗ್ಗುವುದಿಲ್ಲ. ಫಲಕಕ್ಕೆಂದು ಕನ್ನಡದ ದಪ್ಪ ವಾಲುಫಾಂಟು ಮಾಡುವವರು ಅಕ್ಷರವನ್ನು ಹೊಸದಾಗಿ ಬರೆಯಲಿ, ಅದೂ ಒತ್ತಿನಿಂದ ಶುರುಮಾಡಲಿ.