ಪಾದವನ್ನರಿತ ಪಾದರಕ್ಷೆ

ಬಸವಕಲ್ಯಾಣಕ್ಕೆ ಬರುವ ಯಾತ್ರಿಕರು ಅನುಭವ ಮಂಟಪವನ್ನೂ ಅಕ್ಕನಾಗಮ್ಮನ ಗವಿಯನ್ನೂ ಕಂಡು ಧನ್ಯತೆಯಿಂದ ಹಿಂದಿರುಗುವರು. ಅದೇ ಊರಿನ ಹರಳಯ್ಯನ ಗವಿಯ ಮುಂದೆಯೂ ಅವರು ಕ್ಷಣಕಾಲ ನಿಲ್ಲಬೇಕೆಂಬುದು ನನ್ನ ಅಪೇಕ್ಷೆ. ತಾನು ಹೇಳಿದ ಒಂದು ಶರಣಿಗೆ ಬಸವಣ್ಣನವರು ಎರಡು ಶರಣನ್ನು ಹಿಂದಿರುಗಿಸಲು, ಆ ಋಣವನ್ನು ತೀರಿಸುವ ಬೇರೆ ಬಗೆ ಕಾಣದೆ ಹರಳಯ್ಯನೂ ಆತನ ಪತ್ನಿ ಕಲ್ಯಾಣಮ್ಮನೂ ತಮ್ಮ ತೊಡೆಯ ಚರ್ಮದಿಂದಲೇ ಚಮ್ಮಾವುಗೆಗಳನ್ನು ಹೊಲಿದರೆಂದೂ, ಬಸವಣ್ಣನವರು ಅವನ್ನು ಮೆಟ್ಟದೆ ಶಿರದ ಮೇಲೆ ಧರಿಸಿದರೆಂದೂ ಪರಂಪರೆ ಹೇಳುತ್ತದೆ. ಬ್ರಾಹ್ಮಣನಾದ ಮಧುವರಸನ ಮಗಳನ್ನು ಹರಳಯ್ಯನ ಮಗ ಶೀಲವಂತನಿಗೆ ಕೊಟ್ಟ ವಿವಾಹಕ್ಕಾಗಿ ಇಬ್ಬರು ತಂದೆಯರೂ ಬಿಜ್ಜಳನ ಆಳ್ವಿಕೆಯಲ್ಲಿ ಪ್ರಾಣ ತೆತ್ತ ವೃತ್ತಾಂತವನ್ನು ಕನ್ನಡಿಗರಿಗೆ ಮತ್ತೆ ಹೇಳಬೇಕಾಗಿಲ್ಲ. ಬಸವಣ್ಣನವರು ಅಪ್ಪನ ಸ್ಥಾನದಲ್ಲಿಟ್ಟು ನೆನೆದ ಮಾದಾರ ಚೆನ್ನಯ್ಯನ ವಚನಗಳ ಅಂಕಿತದೊಳಗಂತೂ ಕೈಯುಳಿ, ಕತ್ತಿ, ಅಡಿಗುಂಟ ಎಂಬ ಕಸುಬಿನ ಸಲಕರಣೆಗಳೇ ಸೇರಿಕೊಂಡಿವೆ.

ಈ ಕಾಯಕದ ಜೀವಾಳವೇ ಪಾದದ ಪರಿಜ್ಞಾನ. ಅಥಣಿ, ನಿಪ್ಪಾಣಿಗಳ ಕುಶಲಕರ್ಮಿಗಳು ಜಾಲಿಯ ತೊಗಟೆ ಮತ್ತು ಅಳಲೆಕಾಯಿಯ ಒಗರಿನಲ್ಲಿ ಹದಗೊಳಿಸಿದ ತೊಗಲಿನಿಂದ, ಮೊಳೆಯ ಹಂಗಿಲ್ಲದೆ, ತೊಗಲಿನ ಎಳೆಯಿಂದಲೇ ಹೊಲಿದು ಮಾಡುವ ಕಾಲ್ಮರಿಯು 2019ರಲ್ಲಿ ಕೊಲ್ಹಾಪುರಿ ಚಪ್ಪಲಿಯೆಂಬ ಹೆಸರಿನಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆಯಿತು. ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಡನೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳಿಗೂ ಅದರಲ್ಲಿ ಸಮಪಾಲುಂಟು. ಅಂಥ ಹೊಸ ಚಪ್ಪಲಿ ಮೊದಮೊದಲು ಕಚ್ಚುವುದು ಸಹಜ. ಎಣ್ಣೆ ಸವರಿ, ದಿನಕ್ಕಿಷ್ಟು ನಡೆದು ಪಳಗಿಸಿದರೆ ಅಟ್ಟೆಯ ಮೇಲೆ ಹಿಮ್ಮಡಿಯ ಗುಳಿ ಬಿದ್ದು, ಹೆಬ್ಬೆರಳಿನ ಉಂಗುಷ್ಠ ಸಡಿಲಗೊಂಡು, ಅದು ಮೆಟ್ಟಿದವನ ಪಾದದ್ದೇ ಆಗಿಬಿಡುತ್ತದೆ. ತೊಗಲಿಗೆ ಈ ಔದಾರ್ಯವಿರುವುದರಿಂದಲೇ ಅಳತೆಯ ಅಲ್ಪಸ್ವಲ್ಪ ದೋಷವನ್ನು ಕಾಲವೇ ತಿದ್ದುತ್ತದೆ.

ಇಂಥ ಔದಾರ್ಯವಿಲ್ಲದ ಪಾದರಕ್ಷೆಯೊಂದನ್ನು ಈಗ ನಮ್ಮವರೂ ಧರಿಸತೊಡಗಿದ್ದಾರೆ. ಗುಲ್ಮಾರ್ಗ್, ಔಲಿಗಳ ಹಿಮದಿಳಿಜಾರಿಗೆ ಹೋಗುವ ತರುಣರೂ ವಿದೇಶಗಳಲ್ಲಿ ನೆಲಸಿದ ಕನ್ನಡ ಕುಟುಂಬಗಳೂ ಸ್ಕೀ ಬೂಟನ್ನು ಆರಿಸುವಾಗ, ಊರಿನಲ್ಲಿ ಚಪ್ಪಲಿ ಕೊಳ್ಳುವ ಅಭ್ಯಾಸವನ್ನೇ ನೆಚ್ಚಿ, ಸಡಿಲವಾದುದೇ ಸುಖವೆಂದು ಭ್ರಮಿಸುತ್ತಾರೆ. 1960ರ ದಶಕದವರೆಗೆ ಈ ಬೂಟುಗಳೂ ತೊಗಲಿನವೇ ಆಗಿದ್ದವು. ಅನಂತರ ಪ್ಲಾಸ್ಟಿಕ್ಕಿನ ಕಠಿಣ ಕವಚವು ಆ ಸ್ಥಾನವನ್ನಾಕ್ರಮಿಸಿತು. ಮೊಣಕಾಲಿನ ಬಾಗು ಈ ಕವಚದ ಮೂಲಕವೇ ಸ್ಕೀ ಹಲಗೆಗೆ ಮುಟ್ಟಬೇಕಾದುದರಿಂದ, ಹಿಮ್ಮಡಿ ಒಳಗೆ ಎದ್ದಾಡಿದರೆ ಹಲಗೆಯು ಹೇಳಿದ ಮಾತು ಕೇಳದು. ಸಡಿಲವನ್ನು ಮುಚ್ಚಲು ಕೊಂಡಿಗಳನ್ನು ಬಿಗಿದರೆ ಪಾದದ ಬೆನ್ನು ಅದುಮಿ, ರಕ್ತಸಂಚಾರ ಕುಗ್ಗಿ, ಬೆರಳುಗಳು ಜೋಮು ಹಿಡಿಯುತ್ತವೆ.

ಇದರ ಅಳತೆ ಪಾದದ ಉದ್ದವೇ: 265 ಮಿಲಿಮೀಟರ್ ಉದ್ದದ ಪಾದಕ್ಕೆ 26.5 ಎಂಬ ಅಂಕಿ. ಆದರೆ 26 ಮತ್ತು 26.5ರ ಹೊರಕವಚ ಸಾಮಾನ್ಯವಾಗಿ ಒಂದೇ ಆಗಿದ್ದು ವ್ಯತ್ಯಾಸವೆಲ್ಲ ಒಳಪದರದಲ್ಲಿರುವುದರಿಂದ, ಅಂಕಿಯನ್ನು ನಂಬಿ ಕುಳಿತರೆ ಸಾಲದು. ಒಳಪದರವನ್ನು ತೆಗೆದು ಬರಿಯ ಕವಚದೊಳಗೆ ಕಾಲಿಟ್ಟು, ಬೆರಳ ತುದಿ ಮುಂದಿನ ಗೋಡೆಗೆ ತಾಗುವಂತೆ ಸರಿದಾಗ ಹಿಮ್ಮಡಿಯ ಹಿಂದೆ ಒಂದೂವರೆಯಿಂದ ಎರಡು ಸೆಂಟಿಮೀಟರ್ ತೆರವು ಉಳಿಯಬೇಕು. ಬಳಿಕ ತೆಳುವಾದ ಒಂದೇ ಕಾಲುಚೀಲ ತೊಟ್ಟು ಪೂರ್ಣ ಬೂಟು ಧರಿಸಿ ನೆಟ್ಟಗೆ ನಿಂತಾಗ ಬೆರಳು ಮುಂಭಾಗವನ್ನು ಸವರಬೇಕು; ಮೊಣಕಾಲು ಬಾಗಿಸಿದೊಡನೆ ಹಿಮ್ಮಡಿ ಹಿಂದಕ್ಕೆ ಕುಳಿತು ಬೆರಳಿಗೆ ಬಿಡುವು ದೊರೆಯಬೇಕು. ಗಣ್ಣಿನ ಮೂಳೆಯಲ್ಲಿ ಮಾತ್ರ ಒತ್ತುವುದಾದರೆ, ನಿಪುಣನಾದ ಕೆಲಸಗಾರ ಅಷ್ಟೇ ಭಾಗವನ್ನು ಕಾಯಿಸಿ ಹೊರಕ್ಕೆ ಹಿಗ್ಗಿಸಬಲ್ಲ. ಅವನ ಬಳಿ ಅರ್ಧ ದಿನ ಕಳೆದರೂ ನಷ್ಟವಿಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ.

ಬೂಟಿನ ಬಿಗುಪನ್ನು ಸಾಮಾನ್ಯವಾಗಿ 60ರಿಂದ 130ರವರೆಗಿನ ಅಂಕಿಗಳಿಂದ ಸೂಚಿಸುವರು. ಹೊಸಬರಿಗೂ ಹಗುರ ದೇಹದವರಿಗೂ ಕೆಳಗಿನ ಅಂಕಿಗಳೇ ಲೇಸು. ಚಳಿಯಲ್ಲಿ ಪ್ಲಾಸ್ಟಿಕ್ ಇನ್ನಷ್ಟು ಬಿರುಸಾಗುವುದೆಂಬುದನ್ನೂ ತಯಾರಕರೆಲ್ಲರ ಅಂಕಿಗೆ ಸಮಾನ ಮಾನದಂಡವಿಲ್ಲವೆಂಬುದನ್ನೂ ಮರೆಯಲಾಗದು.

ಎಲ್ಲಕ್ಕೂ ಮೊದಲು ನಿಶ್ಚಯಿಸಬೇಕಾದುದು ಆಟದ ಬಗೆ. 2025ರಲ್ಲಿ ಚಿಲಿ ದೇಶದ ಕ್ರಾಸ್ ಕಂಟ್ರಿ ಸ್ಕೀ ಸ್ಪರ್ಧೆಯಲ್ಲಿ ಕಂಚು ಗೆದ್ದ ನಮ್ಮ ಕೊಡಗಿನ ತೆಕ್ಕಡ ಭವಾನಿಯವರ ಕ್ರೀಡೆಗೆ ಇಳಿಜಾರಿನ ಆ ಭಾರವಾದ ಕವಚ ಒದಗದು. ಅಲ್ಲಿ ಬೂಟು ಹಗುರವಾಗಿದ್ದು, ಮುಂಗಾಲಿನಲ್ಲಿ ಮಾತ್ರ ಹಲಗೆಗೆ ಅಂಟಿಕೊಂಡು, ಪ್ರತಿ ಹೆಜ್ಜೆಗೂ ಹಿಮ್ಮಡಿಯನ್ನು ಮೇಲೆತ್ತಲು ಬಿಡುತ್ತದೆ.